ಬಿಸಿಯಾದಾಗ ಮಾತ್ರ ಹಟ ಹಿಡಿಯುವ ಬೈಕ್: ಡ್ಯುಯಲ್-ಸ್ಪೋರ್ಟ್ ಗಾಡಿಯಲ್ಲಿ ದೋಷ ಹುಡುಕುವ ಬಗೆ

ಬೆಳಿಗ್ಗೆ ಶೆಡ್ಡಿನಿಂದ ತೆಗೆದರೆ ಸೆಲ್ಫ್ ಮುಟ್ಟಿದ ಕೂಡಲೇ ಸ್ಟಾರ್ಟ್. ಮಣ್ಣುದಾರಿಯಲ್ಲಿ ಒಂದು ಗಂಟೆ ಓಡಿಸಿ, ನೀರು ಕುಡಿಯೋಣ ಅಂತ ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಸೆಲ್ಫ್ ಒತ್ತಿದರೆ ಎಂಜಿನ್ ಸುಮ್ನೆ ಗಿರಗಿರ ತಿರುಗುತ್ತದೆ, ಹತ್ತುವುದಿಲ್ಲ. ಅರ್ಧ ಗಂಟೆ ಕಾದರೆ ಏನೂ ಆಗೇ ಇಲ್ಲ ಎಂಬಂತೆ ಸ್ಟಾರ್ಟ್. ಮನೆಗೆ ತಂದು, ಮರುದಿನ ಸ್ಪ್ಯಾನರ್ ಹಿಡಿದು ಕೂತರೆ ಎಲ್ಲವೂ ಸರಿ.

ಒಂದೇ ಸಿಲಿಂಡರಿನ, ಕಾರ್ಬೊರೇಟರ್ ಇರುವ, ಕಿಕ್ಕರ್ ಇಲ್ಲದ ನನ್ನ ಡ್ಯುಯಲ್-ಸ್ಪೋರ್ಟ್ (ಟಾರುದಾರಿ, ಮಣ್ಣುದಾರಿ ಎರಡಕ್ಕೂ ಒಗ್ಗುವ) ಗಾಡಿ ಒಂದು ತಿಂಗಳು ಹೀಗೆ ಆಟ ಆಡಿಸಿತು. ಅಷ್ಟರಲ್ಲಿ ನಾನು ಹೊಸ ಬ್ಯಾಟರಿ ಹಾಕಿದ್ದೆ, ಹೊಸ ಪ್ಲಗ್ ಹಾಕಿದ್ದೆ, ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿ ತೊಳೆದಿದ್ದೆ. ಮೂರೂ ಬೇಕಿರಲಿಲ್ಲ. ತಪ್ಪು ಎಲ್ಲಿ ಆಗಿತ್ತು ಅಂದರೆ, ಬಿಸಿಯಲ್ಲಿ ಕಾಣಿಸುವ ದೋಷವನ್ನು ನಾನು ತಣ್ಣಗಿನ ಗಾಡಿಯಲ್ಲಿ ಹುಡುಕುತ್ತಿದ್ದೆ. ತಣ್ಣಗಾದ ಎಂಜಿನ್ ಏನನ್ನೂ ಒಪ್ಪಿಕೊಳ್ಳುವುದಿಲ್ಲ. ಅದು ಕೈಕೊಟ್ಟ ಜಾಗದಲ್ಲೇ, ಕೈಕೊಟ್ಟ ಗಳಿಗೆಯಲ್ಲೇ ಪರೀಕ್ಷೆ ಆಗಬೇಕು.

ಹಾಗಾಗಿ ಸಾಮಾನು ಜೊತೆಯಲ್ಲಿರಬೇಕು. ಪ್ಲಗ್ ಸ್ಪ್ಯಾನರ್, ಒಂದು ಒಳ್ಳೆಯ ಪ್ಲಗ್, ಚಿಕ್ಕ ಮಲ್ಟಿಮೀಟರ್, ಕಾರ್ಬೊರೇಟರಿನ ಡ್ರೈನ್ ಸ್ಕ್ರೂಗೆ ಹೊಂದುವ ಸ್ಕ್ರೂಡ್ರೈವರ್, ಒಂದು ಸಣ್ಣ ಗಾಜಿನ ಬಾಟಲಿ. ಇಷ್ಟು ಟೂಲ್ ಬ್ಯಾಗಿನ ಮೂಲೆಯಲ್ಲಿ ಹಿಡಿಯುತ್ತದೆ.

ಬೋಲ್ಟ್ ಮುಟ್ಟುವ ಮೊದಲು

ಗಾಡಿ ಕೈಕೊಟ್ಟಾಗ ನಾಲ್ಕು ಸಂಗತಿ ಬರೆದುಕೊಳ್ಳಿ. ಓಡುತ್ತಿದ್ದಾಗಲೇ ನಿಂತಿತೋ, ನೀವು ನಿಲ್ಲಿಸಿದ ಮೇಲೆ ಹತ್ತಲಿಲ್ಲವೋ? ನಿಲ್ಲುವಾಗ ತಟ್ಟನೆ ಆರಿತೋ, ಎಳೆಯುವ ಶಕ್ತಿ ಕಮ್ಮಿಯಾಗುತ್ತಾ ಬಂದು ಆರಿತೋ? ಎಷ್ಟು ಹೊತ್ತು ಬಿಟ್ಟರೆ ಮತ್ತೆ ಹತ್ತುತ್ತದೆ? ತಳ್ಳಿದರೆ ಹತ್ತುತ್ತದಾ?

ತಟ್ಟನೆ ಸ್ವಿಚ್ ಆರಿಸಿದಂತೆ ನಿಂತರೆ ಬಹುಪಾಲು ಕರೆಂಟಿನ ಸಮಸ್ಯೆ. ಮುಕ್ಕರಿಸುತ್ತಾ, ಬಿಟ್ಟು ಬಿಟ್ಟು ಎಳೆಯುತ್ತಾ ನಿಂತರೆ ಪೆಟ್ರೋಲಿನದು. ಓಡುವಾಗ ಚೆನ್ನಾಗಿದ್ದು, ನಿಲ್ಲಿಸಿದ ಮೇಲೆ ಮಾತ್ರ ಹತ್ತದಿದ್ದರೆ ಎರಡು ದಾರಿ: ಒಂದೋ ಪೆಟ್ರೋಲ್ ಜಾಸ್ತಿಯಾಗಿದೆ, ಇಲ್ಲವೇ ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಒತ್ತಿಕೊಳ್ಳುವ ಬಲ) ಕಮ್ಮಿಯಾಗಿದೆ. ಇದು ನೂರಕ್ಕೆ ನೂರು ನಿಯಮ ಅಲ್ಲ. ಆದರೂ ಯಾವ ಕಡೆಯಿಂದ ಶುರು ಮಾಡಬೇಕು ಅನ್ನೋದಕ್ಕೆ ಸಾಕು.

ನನ್ನನ್ನು ದಾರಿ ತಪ್ಪಿಸಿದ್ದು ನಾಲ್ಕನೇ ಪ್ರಶ್ನೆ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ತಳ್ಳಿದರೆ ಹತ್ತುತ್ತಿತ್ತು. ‘ಹಾಗಾದರೆ ಬ್ಯಾಟರಿಯೇ’ ಅಂದುಕೊಂಡೆ. ತಳ್ಳಿದಾಗ ಎಂಜಿನ್ ಸೆಲ್ಫಿಗಿಂತ ಜೋರಾಗಿ ತಿರುಗುತ್ತದೆ. ವಾಲ್ವಿನಲ್ಲಿ ಸೋರಿಕೆ ಇದ್ದರೂ ಗಾಳಿ ತಪ್ಪಿಸಿಕೊಳ್ಳಲು ಅಷ್ಟು ಸಮಯ ಸಿಗುವುದಿಲ್ಲ, ಹತ್ತಿಬಿಡುತ್ತದೆ. ಅಂದರೆ ತಳ್ಳಿದರೆ ಹತ್ತುವ ಗಾಡಿಯಲ್ಲಿ ಬ್ಯಾಟರಿ ಸೋತಿರಬಹುದು, ಕಂಪ್ರೆಶನ್ನೂ ಸೋತಿರಬಹುದು. ಎರಡರಲ್ಲಿ ಯಾವುದು ಅಂತ ಮೀಟರ್ ಹೇಳಬೇಕು.

ನಿಮ್ಮ ಕೈ ಕೊನೆಗೆ ಎಲ್ಲಿ ಆಡಿತ್ತು?

ಸ್ವಂತ ಸರ್ವಿಸ್ ಮಾಡುವವರಿಗೆ ಇದು ಸ್ವಲ್ಪ ಮುಜುಗರದ ಪ್ರಶ್ನೆ. ಆದರೆ ಮೊದಲು ಕೇಳಿಕೊಳ್ಳಬೇಕಾದದ್ದು ಇದೇ. ಹೋದ ವಾರ ಟ್ಯಾಂಕ್ ಎತ್ತಿದ್ದಿರಾ? ಹಾಗಾದರೆ ವೆಂಟ್ ಪೈಪ್ ಮಡಚಿರಬಹುದು, ಕನೆಕ್ಟರ್ ಅರ್ಧ ಕೂತಿರಬಹುದು. ಆಯಿಲ್ ಬದಲಾಯಿಸಿದಿರಾ? ಜಾಸ್ತಿ ತುಂಬಿದ್ದರೆ ಅದು ಬ್ರೀದರ್ ಪೈಪಿನಿಂದ ಏರ್‌ಬಾಕ್ಸಿಗೆ ಉಕ್ಕಿ ಅಲ್ಲಿನ ಏರ್ ಫಿಲ್ಟರನ್ನು ನೆನೆಸಿಬಿಡುತ್ತದೆ. ಡ್ರೈ ಸಂಪ್ ಎಂಜಿನ್‌ಗಳಲ್ಲಿ ಈ ತಪ್ಪು ಸುಲಭ, ಅವುಗಳ ಆಯಿಲ್ ಎಂಜಿನ್ನಿನ ತಳದಲ್ಲಲ್ಲ, ಬೇರೆ ಟ್ಯಾಂಕಿನಲ್ಲಿರುತ್ತದೆ. ಅವುಗಳಲ್ಲಿ ಎಂಜಿನ್ ಬಿಸಿ ಮಾಡಿ, ನಿಲ್ಲಿಸಿದ ಕೆಲವೇ ನಿಮಿಷದೊಳಗೆ ಆಯಿಲ್ ಮಟ್ಟ ನೋಡಬೇಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಟ್ಯಾಂಕಿನಿಂದ ಕೆಳಕ್ಕೆ ಇಳಿದಿರುತ್ತದೆ, ಕಡ್ಡಿಯಲ್ಲಿ ಕಮ್ಮಿ ಕಾಣುತ್ತದೆ. ಅದನ್ನು ನಂಬಿ ಸುರಿದರೆ ಕೆಟ್ಟಿತು.

ಗಾಡಿ ತೊಳೆದಿದ್ದೀರಾ? ಒಂದೇ ಸಿಲಿಂಡರಿನ ಹಲವು ಎಂಜಿನ್‌ಗಳಲ್ಲಿ ಪ್ಲಗ್ ಒಂದು ಬಾವಿಯೊಳಗೆ ಕೂತಿರುತ್ತದೆ. ಆ ಬಾವಿಯ ನೀರು ಹೊರಹೋಗಲು ಹೆಡ್ಡಿನ ಪಕ್ಕದಲ್ಲಿ ಪುಟ್ಟ ತೂತು ಇರುತ್ತದೆ. ಮಣ್ಣು ಹಾರುವ ದಾರಿಯಲ್ಲಿ ಓಡುವ ಗಾಡಿಯಲ್ಲಿ ಅದು ಮುಚ್ಚಿಕೊಳ್ಳದೆ ಇದ್ದರೆ ಆಶ್ಚರ್ಯ. ನೀರು ಒಳಗೇ ನಿಂತು, ಎಂಜಿನ್ ಬಿಸಿಯಾದಾಗ ಹಬೆಯಾಗಿ ಪ್ಲಗ್ ಕ್ಯಾಪಿನೊಳಗೆ ಸೇರಿ, ಮಿಸ್ಸಿಂಗ್ ಶುರುವಾಗುತ್ತದೆ. ತೆಳ್ಳನೆಯ ತಂತಿಯಿಂದ ಆ ತೂತು ಚುಚ್ಚಿ ನೋಡಿ.

ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಮಣ್ಣು ಮೆತ್ತಿದ್ದರೆ ಗೇರ್ ಹಾಕಿದ ಕೂಡಲೇ ಎಂಜಿನ್ ಆರುತ್ತದೆ. ಕಿಲ್ ಸ್ವಿಚ್ಚನ್ನು ಹತ್ತು ಸಲ ಆಚೆ ಈಚೆ ಮಾಡಿ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಸ್ಟಾರ್ಟ್ ಮಾಡಿ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಹತ್ತದಿದ್ದರೆ ಸ್ಟೀರಿಂಗ್ ತಲೆಯ ಹತ್ತಿರ ವೈರ್ ಉಜ್ಜಿ ತುಂಡಾಗಿದೆ.

ಬ್ಯಾಟರಿ

ಇದು ಬೇಗ ಮುಗಿಯುವ ವಿಚಾರ. ಗಾಡಿ ನಿಂತು ಕೆಲವು ಗಂಟೆಯಾದ ಮೇಲೆ 12.6 ರಿಂದ 12.8 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ತಿರುಗಿಸುವಾಗ 10 ವೋಲ್ಟಿಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಇಲ್ಲವೇ ಅದರ ಟರ್ಮಿನಲ್ ಮೇಲೆ ಸಂಶಯ ಪಡಿ. ಎಂಜಿನ್ 4000–5000 ಆರ್‌ಪಿಎಂನಲ್ಲಿ ಓಡುವಾಗ 13.8 ರಿಂದ 14.5 ಬರಬೇಕು. ಬರದಿದ್ದರೆ ಚಾರ್ಜಿಂಗ್ ಕಡೆ ಹುಡುಕಿ. ಕರೆಂಟ್ ಹುಟ್ಟಿಸುವ ಸ್ಟೇಟರಿನಿಂದ ಬರುವ ಮೂರು ವೈರ್‌ಗಳ ನಡುವೆ ಎರಡೆರಡನ್ನು ಅಳೆದಾಗ ರೆಸಿಸ್ಟೆನ್ಸ್ ಒಂದೇ ಸಮ ಇರಬೇಕು, ಯಾವುದೂ ಬಾಡಿಗೆ ತಾಗಿರಬಾರದು.

ನನ್ನ ಗಾಡಿಯಲ್ಲಿ ತಣ್ಣಗಿದ್ದಾಗ ಸೆಲ್ಫ್ ಒತ್ತಿದರೆ 10.4, ಬಿಸಿಯಲ್ಲೂ 10.4. ಹೊಸ ಬ್ಯಾಟರಿ ತರುವ ಮೊದಲು ಇದನ್ನು ಅಳೆದಿದ್ದರೆ ಸಾಕಿತ್ತು, ಅಲ್ವಾ? ಅಳೆದದ್ದು ತಂದ ಮೇಲೆ. ಹಳೆಯದನ್ನು ಮತ್ತೆ ಹಾಕಿ ನೋಡಿದರೆ ಅದೂ ಅಷ್ಟೇ ತೋರಿಸಿತು.

ಟ್ಯಾಂಕ್ ಉಸಿರಾಡುತ್ತಿದೆಯಾ?

ಹದಿನೈದು ಇಪ್ಪತ್ತು ನಿಮಿಷ ಓಡಿ, ಎಳೆತ ಕಮ್ಮಿಯಾಗಿ, ಮುಕ್ಕರಿಸಿ ನಿಲ್ಲುವ ಗಾಡಿಯಾದರೆ ಬೇರೇನೂ ಮಾಡಬೇಡಿ, ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ‘ಸುಂಯ್’ ಅಂತ ಗಾಳಿ ಒಳಗೆ ನುಗ್ಗಿದರೆ ಕಳ್ಳ ಸಿಕ್ಕಿದ. ಪೆಟ್ರೋಲ್ ಕೆಳಗಿಳಿದಷ್ಟೂ ಗಾಳಿ ಟ್ಯಾಂಕಿನೊಳಗೆ ಬರಬೇಕು. ಮುಚ್ಚಳದ ವೆಂಟ್ ಪೈಪಿನ ತುದಿ ಮಣ್ಣಿನಿಂದ ಕಟ್ಟಿಕೊಂಡರೆ, ಅಥವಾ ಅದರಲ್ಲಿರುವ ಒಮ್ಮುಖ ವಾಲ್ವನ್ನು ಸರ್ವಿಸ್ ಮಾಡುವಾಗ ತಿರುಗುಮುರುಗು ಹಾಕಿದರೆ, ಗಾಳಿ ಬರುವುದಿಲ್ಲ, ಪೆಟ್ರೋಲ್ ಇಳಿಯುವುದಿಲ್ಲ. ನಿಂತು ಐದು ನಿಮಿಷ ಕಾದರೆ ಹೇಗೋ ಒಂದಿಷ್ಟು ಗಾಳಿ ಸೇರಿ ಮತ್ತೆ ಓಡುತ್ತದೆ. ಇದನ್ನು ನೋಡಿ ‘ಬಿಸಿಯಾಗಿ ನಿಂತಿತ್ತು, ತಣ್ಣಗಾಗಿ ಹತ್ತಿತು’ ಅಂದುಕೊಳ್ಳುತ್ತೇವೆ. ಬಿಸಿಗೂ ಇದಕ್ಕೂ ಸಂಬಂಧ ಇಲ್ಲ.

ವೆಂಟ್ ಸರಿ ಇದ್ದರೆ ಗಾಜಿನ ಬಾಟಲಿ ತೆಗೆಯಿರಿ. ಎಂಜಿನ್ನಿಗೆ, ಸೈಲೆನ್ಸರಿಗೆ ಪೆಟ್ರೋಲ್ ಚೆಲ್ಲದಂತೆ ನೋಡಿಕೊಂಡು, ಕಾರ್ಬೊರೇಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಪೈಪಿನ ತುದಿಗೆ ಬಾಟಲಿ ಹಿಡಿಯಿರಿ. ಪೆಟ್ರೋಲ್ ಒಂದೇ ಸಮ ಹರಿಯುತ್ತಿರಬೇಕು. ಜೋರಾಗಿ ಶುರುವಾಗಿ ಅರ್ಧ ನಿಮಿಷದಲ್ಲಿ ತೊಟ್ಟಿಕ್ಕುವುದಕ್ಕೆ ಇಳಿದರೆ ಪೆಟ್ರೋಲ್ ಕಾಕಿನ ಜಾಲರಿ ಕಟ್ಟಿದೆ. ವ್ಯಾಕ್ಯೂಮಿನಿಂದ ತೆರೆಯುವ ಕಾಕ್ ಆದರೆ ಎಂಜಿನ್ ನಿಂತಿರುವಾಗ ಹರಿಯುವುದೇ ಇಲ್ಲ. ಅದನ್ನು ‘ಪ್ರೈಮ್’ಗೆ ತಿರುಗಿಸಿ ಪರೀಕ್ಷಿಸಿ. ಪ್ರೈಮ್‌ನಲ್ಲಿ ಚೆನ್ನಾಗಿ ಓಡಿ, ‘ಆನ್’ನಲ್ಲಿ ನಿಂತರೆ ಕಾಕಿನ ಡಯಾಫ್ರಾಮ್ ಇಲ್ಲವೇ ವ್ಯಾಕ್ಯೂಮ್ ಪೈಪ್ ಹೋಗಿದೆ.

ಈಗ ಬಾಟಲಿಯನ್ನು ಒಂದು ನಿಮಿಷ ಅಲುಗಾಡಿಸದೆ ಇಟ್ಟು, ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಮಣಿಗಳ ಹಾಗೆ ಹೊಳೆಯುತ್ತಾ ಓಡಾಡುವುದು ನೀರು. ಒಂದು ಹಳ್ಳ ದಾಟಿದ ಮೇಲೆ ಅಂಥ ಎರಡು ಮಣಿ ಸಿಕ್ಕವು ನನಗೆ. ಖುಷಿಯಿಂದ ‘ಇದೇ’ ಅಂತ ತೀರ್ಮಾನಿಸಿ ಕಾರ್ಬೊರೇಟರ್ ತೊಳೆದೆ. ದೋಷ ಹೋಗಲಿಲ್ಲ. ಸಿಕ್ಕ ಮೊದಲ ತಪ್ಪೇ ನಾವು ಹುಡುಕುತ್ತಿರುವ ತಪ್ಪು ಆಗಿರಬೇಕಿಲ್ಲ.

ಫ್ಯುಯಲ್ ಇಂಜೆಕ್ಷನ್ ಗಾಡಿಯಾದರೆ ಕೀ ಹಾಕಿದಾಗ ಪಂಪ್ ಒಂದೆರಡು ಸೆಕೆಂಡ್ ‘ಗುಂಯ್’ ಅನ್ನಬೇಕು. ಕೆಟ್ಟಾಗಲೂ ಆ ಸದ್ದು ಕೇಳುತ್ತಿದೆಯಾ ನೋಡಿ. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಟ್ಯಾಂಕಿನ ಕೆಳಗಿನ ಕನೆಕ್ಟರ್, ಆಮೇಲೆ ಪಂಪ್. ಎಚ್ಚರಿಕೆ ದೀಪ ಮಿನುಗುತ್ತಿದ್ದರೆ ಅದರ ಕೋಡ್ ಗಾಡಿಯ ಕೈಪಿಡಿಯಲ್ಲಿ ಸಿಗುತ್ತದೆ.

ಪ್ಲಗ್ ಬಿಚ್ಚಿ ನೋಡಿ

ಬಿಸಿ ಎಂಜಿನ್, ಕೈಗವಸು ಇರಲಿ. ಹತ್ತದೆ ಹೋದ ಕೂಡಲೇ ಪ್ಲಗ್ ಬಿಚ್ಚಿದರೆ ಅದರ ತುದಿ ಒದ್ದೆಯಾಗಿದೆಯೋ ಒಣಗಿದೆಯೋ ಅನ್ನುವುದೇ ಕವಲುದಾರಿ.

ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಹಿಂದಿನ ಭಾಗಕ್ಕೆ ವಾಪಸ್ ಹೋಗಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಉರಿದಿಲ್ಲ. ಕಿಡಿ ಇಲ್ಲದಿರಬಹುದು, ಪೆಟ್ರೋಲ್ ಅತಿಯಾಗಿರಬಹುದು, ಕಂಪ್ರೆಶನ್ ಸಾಲದಿರಬಹುದು.

ಕಿಡಿ ನೋಡಲು ಬಿಚ್ಚಿದ ಪ್ಲಗ್ ಬಳಸಬೇಡಿ, ಜೊತೆಗೆ ತಂದ ಒಣ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ. ಬಿಚ್ಚಿದ್ದನ್ನು ಹೆಡ್ಡಿಗೇ ಮತ್ತೆ ಹಾಕಿಬಿಡಿ. ತೆರೆದ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಚಿಮ್ಮುತ್ತದೆ, ಪಕ್ಕದಲ್ಲೇ ಕಿಡಿ ಹಾರಿದರೆ ಬೆಂಕಿ. ಒಣ ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗಿರಲಿ. ಗಾಳಿಯಲ್ಲಿ ತೂಗುಬಿಟ್ಟು ಸೆಲ್ಫ್ ಒತ್ತಿದರೆ ಇಗ್ನಿಷನ್ ಯೂನಿಟ್ಟೇ ಸುಟ್ಟುಹೋಗಬಹುದು. ನೀಲಿ ಬಣ್ಣದ, ಚಟಚಟ ಸದ್ದಿನ ಕಿಡಿ ಬಂದರೆ ಸರಿ. ಬಿಸಿಯಲ್ಲಿ ಕಿಡಿ ಇಲ್ಲದೆ ತಣ್ಣಗಾದ ಮೇಲೆ ಬಂದರೆ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಅಥವಾ ಕಿಡಿಯ ಹೊತ್ತು ತಿಳಿಸುವ ಪಿಕಪ್ ಕಾಯಿಲ್ ಕೆಟ್ಟಿದೆ. ಒಳಗಿನ ಕೂದಲೆಳೆಯ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ಆರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಮೀಟರಿನಲ್ಲಿ ಎರಡು ಸಲ ಅಳೆಯಿರಿ, ಬಿಸಿಯಲ್ಲೊಮ್ಮೆ, ತಣ್ಣಗೊಮ್ಮೆ. ಮನೆಯಲ್ಲಿ ತಣ್ಣಗಿದ್ದಾಗಿನ ಅಳತೆ ಮಾತ್ರ ನೋಡಿದರೆ ಇದು ಜನ್ಮದಲ್ಲಿ ಸಿಗುವುದಿಲ್ಲ.

ಕಿಡಿ ಇದ್ದು ಪ್ಲಗ್ ಒದ್ದೆಯಾಗಿದ್ದರೆ ಎಕ್ಸಲೇಟರನ್ನು ಪೂರ್ತಿ ತಿರುಗಿಸಿ ಹಿಡಿದು ಐದು ಸೆಕೆಂಡ್ ಸೆಲ್ಫ್ ಒತ್ತಿ. ಹಿಡಿದುಕೊಳ್ಳಿ, ಪದೇ ಪದೇ ತಿರುವಬೇಡಿ. ಪಂಪ್ ಇರುವ ಕಾರ್ಬೊರೇಟರಿನಲ್ಲಿ ಪ್ರತಿ ಸಲ ತಿರುವಿದಾಗಲೂ ಇನ್ನಷ್ಟು ಪೆಟ್ರೋಲ್ ಚಿಮ್ಮುತ್ತದೆ. ಹೀಗೆ ಮಾಡಿದಾಗ ಕೆಮ್ಮಿ, ಹೊಗೆ ಬಿಟ್ಟು ಹತ್ತಿದರೆ ಪೆಟ್ರೋಲ್ ಅತಿಯಾಗಿತ್ತು ಅಂತ ಅರ್ಥ. ಕಾರ್ಬೊರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ಸರಿಯಾಗಿ ಮುಚ್ಚುತ್ತಿಲ್ಲವೇನೋ ನೋಡಿ. ಆಯಿಲ್ ಕಡ್ಡಿ ಮೂಸಿ. ಪೆಟ್ರೋಲ್ ವಾಸನೆ ಬಂದು ಮಟ್ಟವೂ ಏರಿದ್ದರೆ ಆ ಆಯಿಲಿನಲ್ಲಿ ಎಂಜಿನ್ ಓಡಿಸಬೇಡಿ.

ನನ್ನ ಗಾಡಿಯಲ್ಲಿ ಕಿಡಿ ನೀಲಿ, ಪ್ಲಗ್ ಒದ್ದೆ. ಪೂರ್ತಿ ಎಕ್ಸಲೇಟರ್ ಹಿಡಿದರೂ ಹತ್ತಲಿಲ್ಲ. ಆಗ ಮೊದಲ ಸಲ ಕಿವಿಗೊಟ್ಟು ಸೆಲ್ಫಿನ ಸದ್ದು ಕೇಳಿದೆ. ಬೆಳಿಗ್ಗೆ ಅದು ‘ರ್ರ್-ಉಂ, ರ್ರ್-ಉಂ’ ಅಂತ ಪ್ರತಿ ಸುತ್ತಿಗೂ ತಡೆದು ತಡೆದು ತಿರುಗುತ್ತಿತ್ತು. ಈಗ ತಡೆಯೇ ಇಲ್ಲ, ಹೊಲಿಗೆ ಯಂತ್ರದಂತೆ ಸಲೀಸು. ಎಂಜಿನ್ನಿನೊಳಗೆ ಒತ್ತಲು ಗಾಳಿ ಉಳಿಯುತ್ತಿರಲಿಲ್ಲ.

ವಾಲ್ವ್ ಕ್ಲಿಯರೆನ್ಸ್: ಇದನ್ನು ಮಾತ್ರ ತಣ್ಣಗೆ ಅಳೆಯಬೇಕು

ಇಷ್ಟು ಹೊತ್ತು ಬಿಸಿಯಲ್ಲೇ ಪರೀಕ್ಷೆ ಮಾಡಿ ಅಂತ ಹೇಳಿ ಈಗ ಉಲ್ಟಾ ಹೇಳುತ್ತಿದ್ದೇನೆ. ಕೈಪಿಡಿಯ ಅಂಕಿಗಳೆಲ್ಲ ತಣ್ಣಗಿನ ಎಂಜಿನ್ನಿಗೆ ಕೊಟ್ಟವು. ಅದಕ್ಕೇ ರಾತ್ರಿ ನಿಂತ ಗಾಡಿಯನ್ನು ಬೆಳಿಗ್ಗೆ ಬಿಚ್ಚಿ.

ವಾಲ್ವನ್ನು ಒತ್ತಿ ತೆರೆಯುವ ಕ್ಯಾಮ್ ಮತ್ತು ವಾಲ್ವಿನ ನಡುವೆ ಒಂದು ಎಳೆ ಜಾಗ ಇರಲೇಬೇಕು, ಅದೇ ಕ್ಲಿಯರೆನ್ಸ್. ವರ್ಷಗಟ್ಟಲೆ ಬಡಿದು ಬಡಿದು ವಾಲ್ವ್ ತನ್ನ ಸೀಟಿನೊಳಗೆ ಇಳಿಯುತ್ತದೆ. ಇಳಿದಷ್ಟೂ ಅದರ ಕಾಂಡದ ತುದಿ ಕ್ಯಾಮಿನ ಹತ್ತಿರ ಬರುತ್ತದೆ, ಜಾಗ ಕಮ್ಮಿಯಾಗುತ್ತದೆ. ಬಿಸಿಯಲ್ಲಿ ಉಳಿದ ಚೂರೂ ಮುಗಿದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಟ್ಯಾಪೆಟ್ ಸದ್ದು ಮಾಡಿದರೆ ಜನ ಹೆದರುತ್ತಾರೆ. ನಾನು ಹೆದರುವುದು ಸದ್ದೇ ಮಾಡದ ಟ್ಯಾಪೆಟ್ಟಿಗೆ. ಸಡಿಲ ವಾಲ್ವ್ ಗಲಾಟೆ ಮಾಡಿ ಹೇಳುತ್ತದೆ, ಬಿಗಿ ವಾಲ್ವ್ ಸದ್ದಿಲ್ಲದೆ ಸುಟ್ಟುಹೋಗುತ್ತದೆ.

ಅಂಕಿಗಳು ಗಾಡಿಯಿಂದ ಗಾಡಿಗೆ ಬೇರೆ, ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವಿಗೂ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿಗೂ ಬೇರೆ. ಸುಜುಕಿ ಡಿಆರ್650ಯಲ್ಲಿ ಇನ್‌ಟೇಕ್ 0.08–0.13 ಮಿ.ಮೀ., ಎಕ್ಸಾಸ್ಟ್ 0.17–0.22. ಡಿಆರ್-ಝಡ್400ರಲ್ಲಿ ಇನ್‌ಟೇಕ್ 0.10–0.20, ಎಕ್ಸಾಸ್ಟ್ 0.20–0.30. ಮೊದಲನೆಯದರಲ್ಲಿ ಸ್ಕ್ರೂ ತಿರುಗಿಸಿ ಸರಿಮಾಡಬಹುದು, ಎರಡನೆಯದರಲ್ಲಿ ಶಿಮ್ (ಕ್ಯಾಮ್ ಮತ್ತು ವಾಲ್ವಿನ ನಡುವೆ ಕೂರುವ ಪುಟ್ಟ ಲೋಹದ ಬಿಲ್ಲೆ) ಬದಲಿಸಬೇಕು. ನಿಮ್ಮ ಗಾಡಿಯ ಅಂಕಿ ನಿಮ್ಮ ಕೈಪಿಡಿಯಿಂದಲೇ ತೆಗೆದುಕೊಳ್ಳಿ.

ಸೀಟು, ಟ್ಯಾಂಕ್, ಪ್ಲಗ್, ಮೇಲಿನ ಕವರ್ ಬಿಚ್ಚಿ. ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಒರೆಸಿ, ಒಳಗೆ ಬಿದ್ದರೆ ತೆಗೆಯುವುದು ಕಷ್ಟ. ಕ್ಯಾಮ್ ಚೈನ್ ಇಳಿಯುವ ಬಾವಿಗೆ ಒಂದು ಬಟ್ಟೆ ತುರುಕಿ, ಎಂಜಿನ್ ತಿರುಗಿಸುವಾಗ ಮಾತ್ರ ತೆಗೆಯಿರಿ. ಕ್ರ್ಯಾಂಕನ್ನು ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ ಕಿಟಕಿಯಲ್ಲಿ ‘ಟಿ’ ಗುರುತು ತನ್ನಿ. ದಾಟಿ ಹೋದರೆ ಹಿಂದಕ್ಕೆ ತಿರುಗಿಸಬೇಡಿ, ಮತ್ತೆರಡು ಸುತ್ತು ತಂದು ನಿಲ್ಲಿಸಿ. ಕೆಲವು ಎಂಜಿನ್‌ಗಳಲ್ಲಿ ಹಿಂದಕ್ಕೆ ತಿರುಗಿಸಿದರೆ ಡಿಕಂಪ್ರೆಸರ್ (ಸ್ಟಾರ್ಟ್ ಸುಲಭವಾಗಲು ಕಂಪ್ರೆಶನ್ ಕಮ್ಮಿ ಮಾಡುವ ಭಾಗ) ಎಕ್ಸಾಸ್ಟ್ ವಾಲ್ವನ್ನು ಎತ್ತಿ, ಅಳತೆ ತಪ್ಪು ಬರುತ್ತದೆ. ‘ಟಿ’ ಗುರುತು ನಾಲ್ಕು ಸ್ಟ್ರೋಕಿನಲ್ಲಿ ಎರಡು ಸಲ ಬರುತ್ತದೆ. ನಿಮಗೆ ಬೇಕಾದದ್ದು ಕಂಪ್ರೆಶನ್ನಿನದು, ಅಂದರೆ ಕ್ಯಾಮಿನ ಮೂಗುಗಳು ವಾಲ್ವನ್ನು ಒತ್ತದೆ ಆಚೆ ತಿರುಗಿರುವುದು.

ಫೀಲರ್ ಗೇಜ್ ತೂರಿಸಿ. ಪುಸ್ತಕದ ಎರಡು ಹಾಳೆ ನಡುವಿಂದ ಒಂದು ಚೀಟಿ ಎಳೆದಂತೆ ಹಿತವಾದ ಹಿಡಿತ ಸಿಗಬೇಕು. ನನ್ನ ಎಡ ಇನ್‌ಟೇಕಿಗೆ 0.10 ಹೋಗಲಿಲ್ಲ. 0.08 ಹೋಗಲಿಲ್ಲ. 0.05ರ ತುದಿ ಬಗ್ಗಿತು. ಸೆಟ್ಟಿನಲ್ಲಿ ಇದ್ದ ತೀರಾ ತೆಳ್ಳನೆಯ 0.03 ಮಾತ್ರ ಒಳಗೆ ಜಾರಿತು. ಬಲದ್ದು 0.05. ಇರಬೇಕಾದದ್ದು ಕನಿಷ್ಠ 0.10.

ಶಿಮ್ ಲೆಕ್ಕ ಸುಲಭ. ಬೇಕಾದ ಜಾಗದಿಂದ ಈಗಿರುವ ಜಾಗ ಕಳೆಯಿರಿ, ಬಂದದ್ದನ್ನು ಹಳೆಯ ಶಿಮ್ಮಿನ ದಪ್ಪದಿಂದ ಕಳೆಯಿರಿ. ಎಡಕ್ಕೆ 2.60ರ ಶಿಮ್ ಇತ್ತು. 0.15 ಬೇಕು, 0.03 ಇದೆ, ವ್ಯತ್ಯಾಸ 0.12. ಹೊಸದು 2.48 ಆಗಬೇಕು. ಶಿಮ್‌ಗಳು 0.05ರ ಅಂತರದಲ್ಲಿ ಸಿಗುವುದರಿಂದ 2.50 ಹಾಕಿದೆ, 0.13 ಬಂತು. ಶಿಮ್ಮಿನ ಮೇಲೆ ಬರೆದ ಅಂಕಿಯನ್ನು ನಂಬದೆ ಮೈಕ್ರೋಮೀಟರಿನಲ್ಲಿ ಅಳೆಯಿರಿ, ಹಳೆಯವು ಸವೆದಿರುತ್ತವೆ.

ಶಿಮ್ ಬದಲಿಸಲು ಕ್ಯಾಮ್ ತೆಗೆಯುವ ಮೊದಲು, ಕ್ಯಾಮ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬಿಚ್ಚಲೇಬೇಕು. ಮರೆತರೆ ಅದರ ಕಡ್ಡಿ ಮುಂದಕ್ಕೆ ಜಿಗಿದು ಕೂರುತ್ತದೆ, ವಾಪಸ್ ಜೋಡಿಸುವಾಗ ಚೈನ್ ಬಿಲ್ಲಿನ ಹೆದೆಯಂತೆ ಬಿಗಿ. ಚೈನ್ ಒಳಗೆ ಬೀಳದಂತೆ ತಂತಿಯಲ್ಲಿ ಕಟ್ಟಿ. ಕ್ಯಾಮ್ ಕ್ಯಾಪಿನ 6 ಮಿ.ಮೀ. ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 10 ನ್ಯೂಟನ್-ಮೀಟರ್ ಆಸುಪಾಸು ಸಾಕು. ಇಲ್ಲಿ ಕೈಅಂದಾಜು ಬೇಡ, ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಈ ಕೆಲಸಕ್ಕೇ ಕೈ ಹಾಕಬೇಡಿ. ಜೋಡಿಸಿದ ಮೇಲೆ ಸೆಲ್ಫ್ ಒತ್ತದೆ, ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ, ಟೈಮಿಂಗ್ ಗುರುತು ನೋಡಿ, ಮತ್ತೆ ಅಳೆಯಿರಿ.

ಕಂಪ್ರೆಶನ್ ಗೇಜ್ ಹಾಕಿ ನೋಡಬಹುದಿತ್ತಲ್ಲ ಅಂತ ಕೇಳಬಹುದು. ಆಟೋ ಡಿಕಂಪ್ರೆಸರ್ ಇರುವ ಎಂಜಿನ್ನಿನಲ್ಲಿ ಚೆನ್ನಾಗಿದ್ದರೂ ಕಮ್ಮಿಯೇ ತೋರಿಸುತ್ತದೆ. ಲೀಕ್-ಡೌನ್ ಪರೀಕ್ಷೆ ಮೇಲು. ಸಿಲಿಂಡರಿಗೆ ಗಾಳಿ ಬಿಟ್ಟಾಗ ಕಾರ್ಬೊರೇಟರಿನ ಕಡೆ ಸುಂಯ್ ಅಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನ ಕಡೆ ಎಕ್ಸಾಸ್ಟ್, ಆಯಿಲ್ ಮುಚ್ಚಳದ ಕಡೆ ರಿಂಗ್.

ಧೂಳು ಬಂದದ್ದು ಎಲ್ಲಿಂದ?

ಹಿಂದಿನ ವರ್ಷ ಅಳೆದಾಗ ಅದೇ ವಾಲ್ವ್ 0.12 ಇತ್ತು ಅಂತ ನನ್ನ ನೋಟ್‌ಬುಕ್ಕಿನಲ್ಲಿತ್ತು. ಒಂದೇ ವರ್ಷದಲ್ಲಿ ಇಷ್ಟು ಇಳಿಯುವುದು ಸಹಜ ಅಲ್ಲ. ಎರಡೂ ಇನ್‌ಟೇಕ್ ಬಿಗಿ, ಎಕ್ಸಾಸ್ಟ್ ಎರಡೂ ಸರಿ. ಇನ್‌ಟೇಕ್ ಮಾತ್ರ ಸವೆದರೆ ಏರ್ ಫಿಲ್ಟರ್ ಕಡೆ ನೋಡಬೇಕು.

ಫಿಲ್ಟರ್ ತೆಗೆದು, ಅದರ ಆಚೆಗಿನ ರಬ್ಬರ್ ಬೂಟಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿದೆ. ಕೆಂಪು ಧೂಳು ಬಂತು. ಅಲ್ಲಿ ಒಂದು ಕಣವೂ ಇರಬಾರದು. ಸ್ಪಂಜನ್ನು ತಪ್ಪದೆ ತೊಳೆದು ಎಣ್ಣೆ ಹಾಕುತ್ತಿದ್ದೆ ನಿಜ. ಆದರೆ ಅದರ ಅಂಚು ಏರ್‌ಬಾಕ್ಸಿಗೆ ಕೂರುವ ಜಾಗದಲ್ಲಿ ಗ್ರೀಸ್ ಹಚ್ಚಿರಲಿಲ್ಲ. ಒಂದು ಮೂಲೆ ಮಡಚಿಕೊಂಡೇ ಕೂತಿತ್ತು. ಬೆರಳ ತುದಿಯಷ್ಟು ಜಾಗ, ಅಷ್ಟರಿಂದಲೇ ಧೂಳು ನೇರ ಎಂಜಿನ್ನಿಗೆ. ಈಗ ಅಂಚಿಗೆಲ್ಲ ನೀರಿಗೆ ಕರಗದ ಗ್ರೀಸ್ ಹಚ್ಚಿ, ಕೂರಿಸಿದ ಮೇಲೆ ಟಾರ್ಚ್ ಬಿಟ್ಟು ಸುತ್ತಲೂ ಬೆರಳಾಡಿಸಿ ನೋಡುತ್ತೇನೆ. ಎಣ್ಣೆ ಹಾಕಿ ಹಿಂಡಿದ ಸ್ಪಂಜಿನಿಂದ ತೊಟ್ಟಿಕ್ಕಬಾರದು, ಹಾಗೆಯೇ ಎಲ್ಲೂ ಒಣ ಮಚ್ಚೆ ಇರಬಾರದು.

ಶಿಮ್ ಹಾಕಿದ ವಾರ ಅದೇ ದಾರಿಯಲ್ಲಿ ಹೋಗಿ, ಒಂದು ಗಂಟೆ ಓಡಿಸಿ, ಬೇಕೆಂದೇ ಬಿಸಿಲಲ್ಲಿ ನಿಲ್ಲಿಸಿ ಹತ್ತು ನಿಮಿಷ ಕಾದೆ. ಸೆಲ್ಫ್ ಎರಡು ಸಲ ತಡೆದು ತಿರುಗಿ ಹತ್ತಿತು. 1000 ಕಿ.ಮೀ. ಆದ ಮೇಲೆ ಮತ್ತೆ ಕವರ್ ತೆಗೆದು ಅಳೆದೆ, 0.13 ಹಾಗೇ ಇತ್ತು. ಅಷ್ಟರೊಳಗೆ ಮತ್ತೆ ಕಮ್ಮಿಯಾಗಿದ್ದರೆ ವಾಲ್ವಿನ ಮುಖವೋ ಸೀಟೋ ಹಾಳಾಗಿದೆ ಅಂತ ಲೆಕ್ಕ. ಆಗ ಇನ್ನೂ ತೆಳ್ಳನೆಯ ಶಿಮ್ ಹಾಕುತ್ತಾ ಕೂರದೆ ಹೆಡ್ ಇಳಿಸಬೇಕು.